ಓದು ಮುಗಿಯುವವರೆಗಿನ ಪೂರ್ತಿ ಖರ್ಚನ್ನು ಮೊದಲೇ ತಿಳಿಸಿ

ಮಾನ್ಯ ಸಂಪಾದಕರಿಗೆ,

ಸಿಇಟಿ ಫಲಿತಾಂಶ ಪ್ರಕಟವಾದ ಮರುದಿನ ಪತ್ರಿಕೆಗಳಲ್ಲಿ ರ‍್ಯಾಂಕ್ ಪಡೆದ ಮಕ್ಕಳ ಚಿತ್ರಗಳೂ ಅವರ ಬಾಯಿಗೆ ಸಿಹಿ ಇಡುತ್ತಿರುವ ತಂದೆತಾಯಿಯರ ಚಿತ್ರಗಳೂ ಬರುತ್ತವೆ. ನೋಡಿದರೆ ಯಾರಿಗಾದರೂ ಸಂತೋಷವಾಗುತ್ತದೆ. ಆದರೆ ಅಲ್ಲಿಂದ ಮುಂದೆ ಎರಡು ತಿಂಗಳು ಅಂಥ ತಂದೆತಾಯಿಯರೇ ಬ್ಯಾಂಕಿನ ಬೆಂಚಿನ ಮೇಲೆ, ಒಡವೆ ಅಡವಿಡುವ ಅಂಗಡಿಯಲ್ಲಿ, ಎಪಿಎಂಸಿಯ ದಲ್ಲಾಳಿ ಅಂಗಡಿಯಲ್ಲಿ ಯಾವ ಮುಖ ಹೊತ್ತು ಕುಳಿತಿರುತ್ತಾರೆ ಎಂಬುದು ಎಲ್ಲಿಯೂ ಅಚ್ಚಾಗುವುದಿಲ್ಲ. ಹಾವೇರಿ, ದಾವಣಗೆರೆ, ಗದಗ ಜಿಲ್ಲೆಗಳ ಶಾಖೆಗಳಲ್ಲಿ ದುಡಿದು ನಿವೃತ್ತನಾದ ಬ್ಯಾಂಕ್ ಅಧಿಕಾರಿ ನಾನು; ಶಿಕ್ಷಣ ಸಾಲದ ಅರ್ಜಿಗಳನ್ನು ಪೋಷಕರ ಪಕ್ಕದಲ್ಲಿ ಕುಳಿತು ತುಂಬಿಸಿದವನು. ನಮ್ಮ ಜನ ಮಕ್ಕಳ ಓದಿಗೆ ಹಣ ಹಾಕಲು ಹಿಂದೆಮುಂದೆ ನೋಡುವವರಲ್ಲ, ಹೊಲ ಮಾರಿಯಾದರೂ ಓದಿಸುತ್ತಾರೆ. ಅವರ ಕೈಗೆ ಸಿಗದಿರುವುದು ಪೂರ್ತಿ ಲೆಕ್ಕ. ಮೊದಲ ವರ್ಷದ ಶುಲ್ಕವನ್ನೇ ಓದಿನ ಖರ್ಚೆಂದು ತಿಳಿದು ಕಾಲೇಜು ಆರಿಸಿಕೊಳ್ಳುತ್ತಾರೆ, ಎರಡನೆಯ ವರ್ಷದ ಹೊತ್ತಿಗೆ ಕೈಗಡಕ್ಕೆ ಇಳಿಯುತ್ತಾರೆ. ಇದನ್ನು ತಪ್ಪಿಸಬಹುದು ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ನಿವೃತ್ತನಾಗುವ ಹಿಂದಿನ ಮಳೆಗಾಲದಲ್ಲಿ ಬ್ಯಾಡಗಿ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಶಾಖೆಗೆ ಬಂದಿದ್ದರು. ಮಗಳಿಗೆ ಬೆಂಗಳೂರಿನ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸರ್ಕಾರಿ ಕೋಟಾದ ಸೀಟು ಸಿಕ್ಕಿತ್ತು. ಹೆಂಡತಿಯ ಬೋರಮಾಳ ಸರವನ್ನು ಅಡವಿಟ್ಟು ಮೊದಲ ವರ್ಷದ ಶುಲ್ಕ ಕಟ್ಟಿ ಆಗಿತ್ತು. ಉಳಿದ ಮೂರು ವರ್ಷಕ್ಕೆ ಸಾಲ ಬೇಕೆಂದರು. ಅಂಗಿಯ ಜೇಬಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಸಣ್ಣ ನೋಟುಬುಕ್ಕು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಅದರಲ್ಲಿ ಬೀಜ, ಗೊಬ್ಬರ, ಆಳಿನ ಕೂಲಿಯ ಲೆಕ್ಕ ದಿನಾಂಕ ಸಮೇತ ಅಚ್ಚುಕಟ್ಟಾಗಿ ಇತ್ತು. ಮಗಳ ಓದಿನ ಪುಟದಲ್ಲಿ ಮಾತ್ರ ಒಂದೇ ಸಾಲು: ‘ಫೀ 1,12,000’. ಅದರ ಕೆಳಗೆ ನಾಲ್ಕರಿಂದ ಗುಣಿಸಿ 4,48,000 ಎಂದು ಬರೆದು ಗೆರೆ ಎಳೆದಿದ್ದರು.

ನಾವು ಮೂವರೂ ಕುಳಿತು ಅದೇ ಪುಟದಲ್ಲಿ ಕೆಳಗೆ ಬರೆಯುತ್ತಾ ಹೋದೆವು. ಪಿಜಿಯ ಬಾಡಿಗೆ, ಊಟ ಸೇರಿ ತಿಂಗಳಿಗೆ 8,500ರಂತೆ ಹತ್ತು ತಿಂಗಳಿಗೆ 85,000. ಪುಸ್ತಕ, ಪರೀಕ್ಷಾ ಶುಲ್ಕ, ಪ್ರಯೋಗಾಲಯದ ಖರ್ಚು 12,000. ಓಡಾಟ ಮತ್ತು ಕೈಖರ್ಚು 15,000. ಬಟ್ಟೆ, ಔಷಧಿ 6,000. ಹೀಗೆ ಒಂದು ವರ್ಷದ ಮೊತ್ತ 2,30,000 ಆಯಿತು. ಇದಲ್ಲದೆ ಒಮ್ಮೆ ಕೊಡಬೇಕಾದ ಲ್ಯಾಪ್‌ಟಾಪ್ ಮತ್ತು ಪಿಜಿಯ ಮುಂಗಡ ಸೇರಿ 55,000. ಕಾಲೇಜಿನ ಶುಲ್ಕ ನಾಲ್ಕು ವರ್ಷವೂ ಏರುವುದಿಲ್ಲವೆಂದೇ ಇಟ್ಟುಕೊಂಡು, ಉಳಿದ ಖರ್ಚು ವರ್ಷಕ್ಕೆ ಶೇ 6ರಂತೆ ಏರುತ್ತದೆ ಎಂದು ಹಿಡಿದರೂ ಒಟ್ಟು ಹತ್ತು ಲಕ್ಷ ದಾಟಿತು. ಅವರು ಬಹಳ ಹೊತ್ತು ಆ ಪುಟವನ್ನೇ ನೋಡುತ್ತಿದ್ದು, “ಇದನ್ನ ಮೊದಲ ಯಾರೂ ಹೇಳಲಿಲ್ಲಲ್ರೀ ಸಾಹೇಬ್ರ” ಎಂದರು. ಮಗಳು ತಲೆ ಎತ್ತಲಿಲ್ಲ.

ಆ ಹುಡುಗಿಯ ರ‍್ಯಾಂಕಿಗೆ ಹಾವೇರಿ ಹತ್ತಿರದ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಗುವ ಸಾಧ್ಯತೆ ಚೆನ್ನಾಗಿಯೇ ಇತ್ತು. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರ. ಆದರೆ ಆಪ್ಶನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವಾಗ, ಆ ಕಾಲೇಜಿನ ಹೆಸರನ್ನೇ ಹಾಕಿರಲಿಲ್ಲ. ಪೇಟೆಯ ಸೈಬರ್ ಕೇಂದ್ರದಲ್ಲಿ ಯಾರೋ ಹೇಳಿದ ಬೆಂಗಳೂರಿನ ಕಾಲೇಜುಗಳನ್ನು ಸಾಲಾಗಿ ತುಂಬಿ ಬಂದಿದ್ದರು. ಹತ್ತಿರದ ಸರ್ಕಾರಿ ಕಾಲೇಜೇ ಎಲ್ಲರಿಗೂ ಸರಿ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಓದಿದರೆ ಉದ್ಯೋಗದ ಅವಕಾಶ ಹೆಚ್ಚು ಎಂಬ ನಂಬಿಕೆಗೆ ಆಧಾರವಿದೆ, ಅದಕ್ಕಾಗಿ ಹೆಚ್ಚು ಹಣ ಹಾಕುತ್ತೇನೆ ಎನ್ನುವುದು ಆ ಕುಟುಂಬದ ಹಕ್ಕು. ಆದರೆ ಎರಡೂ ದಾರಿಯ ಮೊತ್ತವನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ ಆರಿಸಿಕೊಳ್ಳುವ ಅವಕಾಶ ಅವರಿಗೆ ಸಿಗಲೇ ಇಲ್ಲ. ಕೊನೆಗೆ ಸಾಲ ಮಂಜೂರಾಯಿತು, ಜೊತೆಗೆ ಎರಡು ಎಕರೆ ಹೊಲವೂ ಲಾವಣಿಗೆ (ಗೇಣಿಗೆ) ಹೋಯಿತು.

ಈ ವಿಷಯದಲ್ಲಿ ನಮ್ಮ ಕಡೆಯ ಕುಟುಂಬಗಳಿಗೆ ಇನ್ನೊಂದು ತೊಡಕಿದೆ, ನಗರದಲ್ಲಿ ಕುಳಿತು ನಿಯಮ ಬರೆಯುವವರಿಗೆ ಅದು ಕಾಣುವುದಿಲ್ಲವೇನೋ. ಸೀಟು ಹಂಚಿಕೆಯಾಗಿ ಶುಲ್ಕ ಕಟ್ಟುವ ಕಾಲ ಬಿತ್ತನೆ, ಗೊಬ್ಬರ, ಕಳೆ ತೆಗೆಯುವ ಕೂಲಿಯ ಕಾಲದೊಂದಿಗೇ ಬರುತ್ತದೆ. ಗೋವಿನಜೋಳದ ಹಣ ಕೈಗೆ ಬರುವುದು ದೀಪಾವಳಿಯ ಆಸುಪಾಸಿನಲ್ಲಿ, ಒಣಮೆಣಸಿನಕಾಯಿಯದು ಸಂಕ್ರಾಂತಿ ಕಳೆದ ಮೇಲೆ. ಅಂದರೆ ಮನೆಯಲ್ಲಿ ಹಣ ಅತಿ ಕಡಿಮೆ ಇರುವ ತಿಂಗಳಲ್ಲೇ ವರ್ಷದ ಅತಿ ದೊಡ್ಡ ಖರ್ಚು ಎದುರಾಗುತ್ತದೆ, ಅದನ್ನು ಕಟ್ಟಲು ಸಿಗುವುದೋ ಕೆಲವೇ ದಿನ. ತಿಂಗಳ ಸಂಬಳದವರಿಗೆ ಇದು ಇಷ್ಟು ಕಾಡದಿರಬಹುದು; ಬೇಸಾಯ, ಗಾರೆ ಕೆಲಸ, ಸಣ್ಣ ವ್ಯಾಪಾರ ನಂಬಿದವರನ್ನು ಚಿನ್ನದ ಸಾಲಕ್ಕೂ ದಲ್ಲಾಳಿಯ ಬಡ್ಡಿಗೂ ದೂಡುವುದು ಈ ತಿಂಗಳುಗಳೇ. ಆದ್ದರಿಂದ ಓದಿನ ಖರ್ಚಿನ ಲೆಕ್ಕ ಬರೆಯುವಾಗ ಎಷ್ಟು ಹಣ ಎಂಬುದರ ಜೊತೆಗೆ ಯಾವ ತಿಂಗಳಲ್ಲಿ ಎಂಬುದನ್ನೂ ಬರೆಯಬೇಕು, ಹಿಂದಿನ ಸುಗ್ಗಿಯ ಹಣದಲ್ಲಿ ಒಂದು ಪಾಲನ್ನು ಜೂನ್-ಜುಲೈಗೆಂದೇ ಎತ್ತಿಡಬೇಕು.

ಸಾಲದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಹೆಚ್ಚಿನ ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ಶಿಕ್ಷಣ ಸಾಲವನ್ನು ಓದು ಮುಗಿದು ಒಂದು ವರ್ಷದವರೆಗೆ ಕಟ್ಟಬೇಕಾಗಿಲ್ಲ ಎಂಬುದು ನಿಜ. ಆದರೆ ಆ ಅವಧಿಯಲ್ಲಿ ಬಡ್ಡಿ ನಿಲ್ಲುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಲ್ಲುವುದಿಲ್ಲ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷದಲ್ಲಿ 6 ಲಕ್ಷ ಸಾಲ ತೆಗೆದುಕೊಂಡರೆ, ಶೇ 10ರ ಸರಳ ಬಡ್ಡಿಯ ಲೆಕ್ಕದಲ್ಲಿ ಕಂತು ಆರಂಭವಾಗುವ ಹೊತ್ತಿಗೆ ಬಡ್ಡಿಯೇ 2,10,000 ಆಗಿರುತ್ತದೆ. ಆಗ ಕಟ್ಟಬೇಕಾದ ಅಸಲು 8,10,000. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 10,700 ರೂಪಾಯಿ. ಅದರ ಬದಲು ಓದುವಾಗಲೇ ಆಯಾ ತಿಂಗಳ ಬಡ್ಡಿಯನ್ನಷ್ಟೇ ಕಟ್ಟುತ್ತಾ ಹೋದರೆ ಮೊದಲ ವರ್ಷ ತಿಂಗಳಿಗೆ 1,250 ರೂಪಾಯಿ ಸಾಕು. ನಾಲ್ಕನೆಯ ವರ್ಷದಲ್ಲಿ ಅದು 5,000ಕ್ಕೆ ಏರುತ್ತದೆ, ಕೆಲಸ ಹುಡುಕುವ ಆ ಒಂದು ವರ್ಷವೂ ಅಷ್ಟೇ ಇರುತ್ತದೆ. ಹಾಗೆ ಮಾಡಿದವರ ಕಂತು ಮುಂದೆ 8,000ದೊಳಗೆ ನಿಲ್ಲುತ್ತದೆ. ಮೊದಲ ಕೆಲಸದಲ್ಲಿ ತಿಂಗಳಿಗೆ 20-25 ಸಾವಿರ ಸಂಬಳ ಪಡೆದು ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಬದುಕುವ ಹುಡುಗನಿಗೆ ಈ ಎರಡು ಕಂತುಗಳ ನಡುವಿನ ಅಂತರ ಎಷ್ಟು ದೊಡ್ಡದೆಂಬುದನ್ನು ಅವನೇ ಹೇಳಬೇಕು. ಸಾಲಗಾರ ವಿದ್ಯಾರ್ಥಿಯಾದರೂ ತಂದೆ ಅಥವಾ ತಾಯಿ ಸಹ ಸಾಲಗಾರರಾಗಿರುತ್ತಾರೆ. ಕಂತು ತಪ್ಪಿದರೆ ಇಬ್ಬರ ಸಿಬಿಲ್ ಅಂಕವೂ (ಸಾಲ ಮರುಪಾವತಿಯ ದಾಖಲೆಯ ಅಂಕ) ಕೆಡುತ್ತದೆ.

ಇದೇ ಸಾಲದಲ್ಲಿ ಕುಟುಂಬಗಳಿಗೆ ಅನುಕೂಲವಾಗುವ ಅಂಶಗಳೂ ಇವೆ, ಅವೂ ಅಷ್ಟೇ ಕಡಿಮೆ ಜನರಿಗೆ ಗೊತ್ತು. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಭದ್ರತೆ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಸಾಲ ಖಾತರಿ ನಿಧಿಯ ಯೋಜನೆಯಡಿ 7.5 ಲಕ್ಷದವರೆಗೂ ಜಮೀನಿನ ಪತ್ರ, ಮೂರನೆಯವರ ಜಾಮೀನು ಇಲ್ಲದೆ ಸಾಲ ಕೊಡಲು ಅವಕಾಶವಿದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಕಾಲೇಜಿನಲ್ಲಿ ವೃತ್ತಿಪರ ಅಥವಾ ತಾಂತ್ರಿಕ ಶಿಕ್ಷಣ ಪಡೆಯುವವರಿಗೆ ಓದಿನ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2009ರಲ್ಲಿ ಬಂದದ್ದು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ, ಕುಟುಂಬದ ಆದಾಯ 8 ಲಕ್ಷದವರೆಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ ಇದೆ. ಆದಾಯ ಪ್ರಮಾಣಪತ್ರವನ್ನು ಸಮಯಕ್ಕೆ ಸರಿಯಾಗಿ ಕೊಡದ ಒಂದೇ ಕಾರಣಕ್ಕೆ ಈ ಸಹಾಯ ತಪ್ಪಿಸಿಕೊಂಡ ಮನೆಗಳನ್ನು ನಾನು ಬಲ್ಲೆ. ಆದರೆ ಒಂದು ಎಚ್ಚರ ಬೇಕು: ಸೇರಲಿರುವ ಕಾಲೇಜು ಆ ಆಯ್ದ ಸಂಸ್ಥೆಗಳ ಪಟ್ಟಿಯಲ್ಲಿ ಇದೆಯೇ, ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂಬುದನ್ನು ಸೇರುವ ಮೊದಲೇ ನೋಡಬೇಕು. ಸೇರಿದ ಮೇಲೆ ಬ್ಯಾಂಕಿಗೆ ಬಂದು ಕೇಳಿದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಮ್ಯಾನೇಜ್‌ಮೆಂಟ್ ಕೋಟಾದ (ಕಾಲೇಜಿನ ಆಡಳಿತವೇ ತುಂಬುವ ಸೀಟುಗಳ) ಬಗ್ಗೆ ಒಂದು ಮಾತು. ರಾಜ್ಯದಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು (ನಿಗದಿತ ಶುಲ್ಕದ ಮೇಲೆ ಸೀಟಿಗಾಗಿ ಕೇಳುವ ಹಣವನ್ನು) ನಿಷೇಧಿಸಿದ ಕಾಯ್ದೆ 1984ರಿಂದ ಇದೆ. ಆದರೂ ರಸೀದಿ ಇಲ್ಲದೆ ‘ಡೊನೇಷನ್’ ಕೊಟ್ಟು ಬಂದು, ಅದಕ್ಕೂ ಸಾಲ ಕೊಡಿ ಎಂದು ಕೇಳಿದ ಪೋಷಕರು ನನ್ನ ಮುಂದೆ ಕುಳಿತದ್ದುಂಟು. ರಸೀದಿ ಇಲ್ಲದ ಹಣಕ್ಕೆ ಬ್ಯಾಂಕ್ ಸಾಲ ಕೊಡಲು ಬರುವುದಿಲ್ಲ. ಮಗು ಕಾಲೇಜು ಬದಲಿಸಿದರೆ ಆ ಹಣ ಮರಳಿ ಬಾರದು. ಅಂಥ ಕಾಲೇಜನ್ನು ಎಷ್ಟೇ ದೊಡ್ಡ ಹೆಸರಿದ್ದರೂ ಪಟ್ಟಿಯಿಂದ ತೆಗೆದುಬಿಡಿ ಎಂದೇ ನಾನು ಹೇಳುತ್ತಿದ್ದೆ, ಈಗಲೂ ಅದನ್ನೇ ಹೇಳುತ್ತೇನೆ.

ವಿದ್ಯಾರ್ಥಿವೇತನವನ್ನು ಲೆಕ್ಕದಲ್ಲಿ ಹೇಗೆ ಹಿಡಿಯಬೇಕು ಎಂಬುದೂ ಮುಖ್ಯ. ರಾಜ್ಯದಲ್ಲಿ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್ ಮೂಲಕ ಅರ್ಜಿ ಹಾಕುವ ವಿದ್ಯಾರ್ಥಿವೇತನಗಳಿವೆ, ರೈತರ ಮಕ್ಕಳಿಗೆಂದು 2021ರಲ್ಲಿ ರೈತ ವಿದ್ಯಾನಿಧಿ ಆರಂಭವಾಯಿತು, ಹಿಂದುಳಿದ ವರ್ಗದ ಮಕ್ಕಳ ಊಟ-ವಸತಿಗೆ ವಿದ್ಯಾಸಿರಿ ಇದೆ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳು ಓದಿಗೆ ಕೊಡುವ ಅರಿವು ಸಾಲವಿದೆ. ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಎಂಬ ಶೇ 5ರ ಹೆಚ್ಚುವರಿ ಸೀಟುಗಳಲ್ಲಿ ಬೋಧನಾ ಶುಲ್ಕದ ವಿನಾಯಿತಿ ಇದೆ. ಸಿಇಟಿ ಅರ್ಜಿ ತುಂಬುವಾಗ ಆ ಕೋಟಾವನ್ನು ಕೇಳದೆ ಬಿಟ್ಟವರಿಗೆ ಆಮೇಲೆ ಸಿಗುವುದಿಲ್ಲ. ಇವೆಲ್ಲಕ್ಕೂ ಅರ್ಜಿ ಹಾಕಲೇಬೇಕು. ಆದರೆ ಶುಲ್ಕ ಮೊದಲು ಕಟ್ಟಬೇಕಾಗುತ್ತದೆ, ವಿದ್ಯಾರ್ಥಿವೇತನ ಖಾತೆಗೆ ಬೀಳುವುದು ತಿಂಗಳುಗಳ ನಂತರ. ಬರಲಿರುವ ವಿದ್ಯಾರ್ಥಿವೇತನವನ್ನು ನಂಬಿ ಕೈಗಡ ಮಾಡಿದರೆ ಬಡ್ಡಿ ಅದರ ಒಂದು ಪಾಲನ್ನು ತಿಂದುಹಾಕುತ್ತದೆ. ಬಂದಾಗ ಮುಂದಿನ ವರ್ಷದ ಶುಲ್ಕಕ್ಕೆ ಎತ್ತಿಡುವ ಹಣವೆಂದು ಅದನ್ನು ಹಿಡಿಯುವುದು ಸುರಕ್ಷಿತ.

ಉಳಿತಾಯವನ್ನು ಎಷ್ಟು ಬೇಗ ಆರಂಭಿಸಿದರೂ ಬೇಗವಲ್ಲ. ಮಗು ಐದನೆಯ ತರಗತಿಗೆ ಬಂದಾಗಿನಿಂದ ತಿಂಗಳಿಗೆ 2,000 ರೂಪಾಯಿಯನ್ನು ಆರ್‌ಡಿಗೆ ಕಟ್ಟುತ್ತಾ ಬಂದರೆ, ಶೇ 6.5ರ ಬಡ್ಡಿಯಲ್ಲಿ ಎಂಟು ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ ಆಗುತ್ತದೆ. ಮೇಲೆ ಹೇಳಿದ ಲೆಕ್ಕದಲ್ಲಿ ಅದು ಒಂದು ವರ್ಷದ ಖರ್ಚು ಮಾತ್ರ; ಆದರೆ ಬೋರಮಾಳ ಸರ ಅಡವಿಗೆ ಹೋಗುವುದನ್ನು ತಡೆಯುವ ಒಂದು ವರ್ಷ ಅದು. ಹೆಣ್ಣುಮಕ್ಕಳಿಗಾಗಿ ಸುಕನ್ಯಾ ಸಮೃದ್ಧಿ ಖಾತೆ ತೆರೆದವರು ಒಂದು ವಿಷಯ ನೆನಪಿಡಬೇಕು: ಆ ಖಾತೆ ಪಕ್ವವಾಗುವುದು ತೆರೆದು 21 ವರ್ಷಕ್ಕೆ. ಹುಡುಗಿಗೆ 18 ತುಂಬಿದ ಮೇಲೆ ಅಥವಾ ಹತ್ತನೆಯ ತರಗತಿ ಪಾಸಾದ ಮೇಲೆ ಓದಿಗೆಂದು ತೆಗೆಯಬಹುದಾದದ್ದು ಹಿಂದಿನ ಆರ್ಥಿಕ ವರ್ಷದ ಕೊನೆಗೆ ಇದ್ದ ಮೊತ್ತದ ಅರ್ಧ ಮಾತ್ರ. ಪೂರ್ತಿ ಹಣ ಕಾಲೇಜಿಗೆ ಸಿಗುತ್ತದೆ ಎಂದು ನಂಬಿ ಬಂದು ಅಂಚೆ ಕಚೇರಿಯಿಂದ ಅರ್ಧ ಹಣದೊಂದಿಗೆ ಮರಳಿದ ತಾಯಿಯೊಬ್ಬರನ್ನು ನಾನು ಸಮಾಧಾನಪಡಿಸಬೇಕಾಯಿತು.

ಕಡಿಮೆ ಖರ್ಚಿನ ದಾರಿಗಳನ್ನು ಕಡಿಮೆ ದರ್ಜೆಯ ದಾರಿಗಳೆಂದು ನೋಡುವ ರೂಢಿಯನ್ನೂ ನಾವು ಬಿಡಬೇಕು. ಎಸ್‌ಎಸ್‌ಎಲ್‌ಸಿ ಆದ ಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೆಯ ವರ್ಷಕ್ಕೆ ಸೇರಬಹುದು. ನಮ್ಮ ಬೀದಿಯ ದರ್ಜಿಯೊಬ್ಬರ ಮಗ ಹಾಗೆಯೇ ಓದಿದ. ಪಿಯುಸಿ, ಕೋಚಿಂಗ್, ಮೊದಲ ವರ್ಷದ ಶುಲ್ಕ ಮೂರೂ ಉಳಿದವು, ಡಿಪ್ಲೊಮಾ ಆದ ಕೂಡಲೇ ಕೆಲಸಕ್ಕೆ ಸೇರುವ ದಾರಿಯೂ ತೆರೆದೇ ಇತ್ತು. ಇದಕ್ಕೆ ವಿರುದ್ಧವಾಗಿ, ಪಿಯುಸಿಯ ಎರಡು ವರ್ಷಕ್ಕೆ ದೂರದ ವಸತಿ ಕಾಲೇಜಿಗೆ ಕಳಿಸಿ, ಇದ್ದ ಉಳಿತಾಯವನ್ನೆಲ್ಲ ಅಲ್ಲೇ ಮುಗಿಸಿ, ಪದವಿಯ ಬಾಗಿಲಿಗೆ ಬರುವಾಗ ಬರಿಗೈಯಲ್ಲಿ ನಿಂತ ಮನೆಗಳು ನಮ್ಮ ತಾಲ್ಲೂಕಿನಲ್ಲಿ ಕಡಿಮೆಯಿಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿರುವುದರಿಂದ, ಮನೆಯಿಂದಲೇ ಓಡಾಡಿ ಓದುವ ಲೆಕ್ಕ ಹಿಂದಿನದಕ್ಕಿಂತ ಬೇರೆಯೇ ಆಗಿದೆ. ಇವುಗಳನ್ನು ಮನೆಯಲ್ಲಿ ಮಗುವಿನ ಎದುರಿಗೇ ಮಾತಾಡಬೇಕು. ಹಣದ ಚಿಂತೆ ಮಕ್ಕಳಿಗೆ ತಟ್ಟಬಾರದೆಂಬ ಪ್ರೀತಿಯಿಂದ ತಂದೆತಾಯಿಯರು ಮುಚ್ಚಿಡುತ್ತಾರೆ. ಆದರೆ ಬ್ಯಾಡಗಿಯ ಆ ಹುಡುಗಿಗೆ ಹತ್ತು ಲಕ್ಷದ ಅಂಕಿ ಮೊದಲ ಸಲ ಕಂಡದ್ದು ನನ್ನ ಮೇಜಿನ ಮೇಲೆ, ಅಪರಿಚಿತನಾದ ನನ್ನ ಎದುರಿಗೆ. ಪಿಯುಸಿಗೆ ಸೇರುವಾಗಲೇ ಅವಳಿಗೆ ಅದು ಗೊತ್ತಿದ್ದರೆ ಆಪ್ಶನ್ ಎಂಟ್ರಿಯನ್ನು ಅವಳೇ ಬೇರೆ ರೀತಿ ತುಂಬುತ್ತಿದ್ದಳು ಎಂದು ನನಗೆ ಅನ್ನಿಸುತ್ತದೆ.

ಸರ್ಕಾರಕ್ಕೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೂ ನನ್ನ ವಿನಂತಿ ಇಷ್ಟು. ಆಪ್ಶನ್ ಎಂಟ್ರಿಯ ಸಮಯದಲ್ಲಿ ಪ್ರತಿ ಕಾಲೇಜಿನ ಎದುರಿಗೆ ಒಂದು ವರ್ಷದ ಶುಲ್ಕದ ಜೊತೆಗೆ ಕೋರ್ಸ್ ಮುಗಿಯುವವರೆಗಿನ ಒಟ್ಟು ಶುಲ್ಕ, ಕಾಲೇಜು ಬೇರೆ ಹೆಸರಿನಲ್ಲಿ ವಸೂಲು ಮಾಡುವ ಎಲ್ಲ ಶುಲ್ಕ, ಹಾಸ್ಟೆಲ್ ಮತ್ತು ಊಟದ ದರವನ್ನು ಕನ್ನಡದಲ್ಲಿ ತೋರಿಸಬೇಕು. ಕಾಲೇಜುಗಳು ಈ ಅಂಕಿಗಳನ್ನು ಬರೆದು ಕೊಡುವುದನ್ನು ಕಡ್ಡಾಯ ಮಾಡಬೇಕು, ಕೊಟ್ಟ ಅಂಕಿಗಿಂತ ಹೆಚ್ಚು ಕೇಳಿದರೆ ದೂರು ಕೊಡುವ ಜಾಗ ಯಾವುದೆಂದು ಅಲ್ಲೇ ನಮೂದಿಸಬೇಕು. ಕೃಷಿಕ ಕುಟುಂಬಗಳಿಗೆ ಶುಲ್ಕವನ್ನು ಎರಡು ಕಂತಿನಲ್ಲಿ, ಎರಡನೆಯದನ್ನು ಸುಗ್ಗಿಯ ನಂತರ ಕಟ್ಟಲು ಅವಕಾಶ ಕೊಟ್ಟರೆ ಸರ್ಕಾರಕ್ಕೆ ಒಂದು ಪೈಸೆಯೂ ನಷ್ಟವಾಗದು.

ಪಿಯು ಕಾಲೇಜುಗಳ ಪ್ರಾಂಶುಪಾಲರಿಗೂ ಒಂದು ಕೋರಿಕೆ. ದ್ವಿತೀಯ ಪಿಯುಸಿ ಪೋಷಕರ ಸಭೆಯಲ್ಲಿ ಹಾಜರಾತಿ, ಅಂಕಗಳ ಮಾತು ಮುಗಿದ ಮೇಲೆ ಒಂದು ತಾಸನ್ನು ಖರ್ಚಿನ ಲೆಕ್ಕಕ್ಕೆ ಕೊಡಿ. ಆ ಸಭೆ ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ ಆದರೆ ಒಳ್ಳೆಯದು. ಆಗ ಗೋವಿನಜೋಳದ ಹಣ ಮನೆಯಲ್ಲಿರುತ್ತದೆ, ಎತ್ತಿಡಲು ಸಾಧ್ಯವಾಗುತ್ತದೆ. ಹತ್ತಿರದ ಬ್ಯಾಂಕ್ ಶಾಖೆಯಿಂದ ಒಬ್ಬರನ್ನು ಕರೆಸಿ, ಪೋಷಕರ ಕೈಗೆ ಒಂದು ಖಾಲಿ ಪುಟ ಕೊಟ್ಟು, ಶುಲ್ಕ, ವಸತಿ, ಊಟ, ಓಡಾಟ, ಪುಸ್ತಕ ಎಂದು ಸಾಲು ಸಾಲಾಗಿ ಬರೆಸಿ. ಓದುಬರಹ ಬಾರದವರಿಗೆ ಅವರ ಮಕ್ಕಳೇ ಬರೆದುಕೊಡಲಿ. ತಮ್ಮ ಪತ್ರಿಕೆಯೂ ಸಿಇಟಿ ಫಲಿತಾಂಶದ ದಿನಕ್ಕಿಂತ ಮೊದಲೇ ಇಂಥ ಒಂದು ಮಾದರಿ ಪುಟವನ್ನು ಅಚ್ಚು ಹಾಕಿದರೆ, ಅದನ್ನು ಕತ್ತರಿಸಿ ಇಟ್ಟುಕೊಳ್ಳುವ ಮನೆಗಳು ಬಹಳ ಇರುತ್ತವೆ.

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ತಾಲ್ಲೂಕುಗಳ ಯಾವ ಪಿಯು ಕಾಲೇಜು ಕರೆದರೂ ಬಂದು, ಪೋಷಕರ ಜೊತೆ ಕುಳಿತು ಈ ಲೆಕ್ಕ ಬರೆಯಲು ನಾನೂ ನನ್ನಂತೆಯೇ ನಿವೃತ್ತರಾಗಿರುವ ಇಬ್ಬರು ಸಹೋದ್ಯೋಗಿಗಳೂ ಸಿದ್ಧರಿದ್ದೇವೆ. ಭಾನುವಾರವಾದರೂ ಸರಿ, ಸಂಜೆಯಾದರೂ ಸರಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ
ರಾಣೆಬೆನ್ನೂರು, ಹಾವೇರಿ ಜಿಲ್ಲೆ